ಅವ್ವಂದಿರು ಓದುವ ಹೊತ್ತು

ನಮ್ಮತ್ತಿಯವರಿಗೆ ಸಹಿ ಮಾಡಾಕ ಬರುತ್ತಿತ್ತು, ಓದಾಕ ಬರುತ್ತಿರಲಿಲ್ಲ. 1983ರಲ್ಲಿ ನಾನು ಇಂಡಿ ತಾಲೂಕಿನಿಂದ ಈ ಊರಿಗೆ ಸೊಸೆಯಾಗಿ ಬಂದೆ. ಬಂದು ಹದಿನೈದು ದಿನ ಆಗಿರಬೇಕು, ಅವರು ಟ್ರಂಕಿನಿಂದ ಒಂದು ಹಳೆಯ ಕಾಗದ ತೆಗೆದು ನನ್ನ ಮುಂದೆ ಹಿಡಿದರು.

"ನೀ ಏಳನೇತ್ತ ಕಲ್ತಾಕಿ ಅಂತಲ್ಲ. ಇದರಾಗ ನನ್ನ ಹೆಸರ ಯಾವದು, ನಿಮ್ಮ ಮಾವನ ಹೆಸರ ಯಾವದು, ಹೇಳು ನೋಡೂಣು" ಅಂದರು.

ಕಾಗದದ ಕೆಳಗೆ ಬಾಳಬೋಧ ಅಕ್ಷರದಲ್ಲಿ ಮೂರು ಶಬ್ದದ ಸಹಿ ಇತ್ತು. ನಮ್ಮ ಕಡೆ ರೂಢಿ ಇದ್ದಂತೆ ತಮ್ಮ ಹೆಸರು, ಗಂಡನ ಹೆಸರು, ಅಡ್ಡಹೆಸರು. ಸಾಳಿಯಲ್ಲಿ ಕಲಿತ ಹಿಂದಿಯ ಆಧಾರದ ಮೇಲೆ ನಾನು ತಡವರಿಸಿ ಓದಿ ತೋರಿಸಿದೆ. ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಅವರು ರಂಗೋಲಿ ಹಾಕಿದಂತೆ ಆ ಮೂರು ಶಬ್ದಗಳನ್ನು ಹಾಕುತ್ತ ಬಂದಿದ್ದರು. ಮೂರರಲ್ಲಿ ತಾವು ಯಾವುದು ಎಂಬುದು ಅವತ್ತೇ ತಿಳಿದದ್ದು. ಮೊದಲನೇ ಶಬ್ದದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆಮೇಲೆ ಕಾಗದ ಮಡಚಿ ಇಟ್ಟು ಒಲೆಯ ಕಡೆಗೆ ಹೋದರು.

ವಾಚನಾಲಯದವರು "ಈ ವರ್ಷದ ಪುಸ್ತಕಕ್ಕ ಹೆಣ್ಣುಮಕ್ಕಳ ಕಲಿಕೆಯ ಇತಿಹಾಸ ಬರಕೊಡ್ರಿ ಅಕ್ಕಾರ" ಎಂದಾಗ ನನಗೆ ಮೊದಲು ನೆನಪಾದದ್ದು ಆ ಬೆರಳು. ಇತಿಹಾಸ ಅಂದರೆ ರಾಜರ ಕಥೆ ಅಂತ ಸಾಳಿಯಲ್ಲಿ ಕಲಿತವಳು ನಾನು. ಜತ್ತದ ಡಫಳೆ ಸಂಸ್ಥಾನದ ಕಥೆ ಬರೆಯುವವರು ಬೇರೆ ಇದ್ದಾರೆ. ಸಾಳಿಗೆ ಹೋದ ಹುಡುಗಿಯರ ಕಥೆಯನ್ನೂ ಬಹಳ ಮಂದಿ ಬರೆದಿದ್ದಾರೆ. ಸಾಳಿಯ ವಯಸ್ಸು ದಾಟಿದ ಮೇಲೆ, ಮದುವೆಯಾಗಿ ಮಕ್ಕಳಾದ ಮೇಲೆ, ಕೈಯಲ್ಲಿ ದುಡ್ಡಿಲ್ಲದ ತಾಯಂದಿರು ಹೇಗೆ ಕಲಿತರು ಎಂಬುದಷ್ಟೇ ನನ್ನ ವಿಷಯ.

ಓದುತ್ತ ಹೋದಂತೆ ಒಂದು ಮಾತು ನನಗೆ ಸ್ಪಷ್ಟವಾಯಿತು. ಪಾಟಿ, ಪುಸ್ತಕ, ಮಾಸ್ತರ ಇವು ಪುಕ್ಕಟೆ ಸಿಕ್ಕ ಕಾಲ ನಮ್ಮ ಭಾಗದಲ್ಲಿ ಹಲವು ಸಲ ಬಂದಿದೆ. ಹೊತ್ತು ಮಾತ್ರ ಪುಕ್ಕಟೆ ಸಿಕ್ಕಿಲ್ಲ. ಯಾವ ತಾಯಿಯ ಕಥೆ ತೆಗೆದು ನೋಡಿದರೂ ದಿನದ ಯಾವ ತಾಸು ಆಕೆಯ ಕೈಗೆ ಬಂತು, ಆ ತಾಸಿನಲ್ಲಿ ಆಕೆಯ ಕೆಲಸ ಯಾರು ಹಿಡಿದರು ಎಂದು ಕೇಳಬೇಕಾಗುತ್ತದೆ.

ಸಾವಿತ್ರಿಬಾಯಿ ಫುಲೆಯವರ ಕಥೆ ನಮ್ಮ ಮಕ್ಕಳಿಗೆಲ್ಲ ಗೊತ್ತು, ಜನವರಿ 3 ಬಂತೆಂದರೆ ಭಾಷಣಗಳಾಗುತ್ತವೆ. ಆ ಭಾಷಣಗಳಲ್ಲಿ ಬಿಟ್ಟುಹೋಗುವ ಒಂದು ಸಂಗತಿ ಇದೆ. 1848ರಲ್ಲಿ ಪುಣೆಯಲ್ಲಿ ಹುಡುಗಿಯರ ಸಾಳಿ ತೆಗೆದ ಫುಲೆ ದಂಪತಿ 1855ರಲ್ಲಿ ದುಡಿಯುವ ಜನರಿಗಾಗಿ ರಾತ್ರಿ ಸಾಳಿಯನ್ನೂ ತೆಗೆದರು. ಹಗಲು ಕೂಲಿಗೆ ಹೋಗುವವರಿಗೆ ಹಗಲಿನ ಸಾಳಿ ತೆರೆದಿದ್ದರೂ ಕೀಲಿ ಹಾಕಿದಂತೆಯೇ. ಸಾತಾರಾ ಜಿಲ್ಲೆಯ ನಾಯಗಾಂವದ ಸಾವಿತ್ರಿಬಾಯಿ ತಾವೂ ಮದುವೆಯಾದ ಮೇಲೆಯೇ ಅಕ್ಷರ ಕಲಿತವರು.

ನನಗೆ ಇದಕ್ಕಿಂತ ಹೆಚ್ಚು ಹತ್ತಿರ ಅನಿಸಿದ ಕಥೆ ಕನ್ನಡ ನಾಡಿನದು. ಪಂಡಿತಾ ರಮಾಬಾಯಿ ಅಂದಕೂಡಲೇ ನಾವು ಪುಣೆ, ಕೇಡಗಾಂವ ಎನ್ನುತ್ತೇವೆ. ಆಕೆ ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳ ಎಂಬ ಊರಿನವರು. ಅವರು ಹುಡುಗರಿದ್ದಾಗ ಪುಣೆಗೆ ಹೋಗಿ ಒಬ್ಬ ಶಾಸ್ತ್ರಿಗಳ ಹತ್ತಿರ ಓದಿದರು. ಆ ಶಾಸ್ತ್ರಿಗಳು ಪೇಶವೆ ಎರಡನೇ ಬಾಜೀರಾಯರ ಹೆಂಡತಿಗೂ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಂಗಸು ಸಂಸ್ಕೃತ ಓದುವುದನ್ನು ಆ ಹುಡುಗ ಕಿವಿಯಾರೆ ಕೇಳಿದ. ಊರಿಗೆ ಮರಳಿ ಮೊದಲ ಹೆಂಡತಿಗೆ ಕಲಿಸಲು ನೋಡಿದರೆ ಮನೆಯವರು ಒಪ್ಪಲಿಲ್ಲ. ಆಕೆ ತೀರಿಕೊಂಡ ಮೇಲೆ ಲಕ್ಷ್ಮೀಬಾಯಿ ಎಂಬ ಚಿಕ್ಕ ಹುಡುಗಿಯನ್ನು ಮದುವೆಯಾಗಿ ಆಕೆಗೆ ಕಲಿಸಿದರು. ಸುತ್ತಲಿನವರ ವಿರೋಧ ಬಂತು. ಕಡೆಗೆ ಊರು ಬಿಟ್ಟು ಕಾಡಿನಲ್ಲಿ ಮನೆ ಕಟ್ಟಿಕೊಂಡರು.

ಈ ಕಥೆಯಲ್ಲಿ ಎಲ್ಲರೂ ಅನಂತಶಾಸ್ತ್ರಿಗಳನ್ನು ಹೊಗಳುತ್ತಾರೆ. ಹೊಗಳಲಿ. ನನ್ನ ಕಣ್ಣಿಗೆ ಕಾಣುವುದು ಲಕ್ಷ್ಮೀಬಾಯಿ. ಗಂಗಾಮೂಲದ ಮನೆಯಲ್ಲಿ ದನಕರು, ಓದಲು ಬಂದ ಶಿಷ್ಯರು, ಯಾತ್ರೆಗೆ ಹೊರಟ ಅತಿಥಿಗಳು. ಇಷ್ಟು ಮಂದಿಗೆ ಬೇಯಿಸಿ ಹಾಕುವವಳು ಆಕೆಯೇ. ರಮಾಬಾಯಿ ಕೊನೆಯ ಮಗಳು. ಆಕೆ ಕಲಿಯುವ ವಯಸ್ಸಿಗೆ ಬಂದಾಗ ತಂದೆ ಮುದುಕರಾಗಿದ್ದರು, ಕಲಿಸುವ ಕೆಲಸ ತಾಯಿಯ ಮೇಲೆ ಬಂತು. ತಾಯಿಗೆ ಇದ್ದ ಹೊತ್ತು ಒಂದೇ, ಕೋಳಿ ಕೂಗುವುದಕ್ಕಿಂತ ಮೊದಲಿನದು. ನಿದ್ದೆಯಲ್ಲಿದ್ದ ಮಗಳನ್ನು ಎಬ್ಬಿಸಿ, ತೊಡೆಯ ಮೇಲೆ ಕೂಡಿಸಿಕೊಂಡು, ಬಾಯಿಯಿಂದ ಬಾಯಿಗೆ ಪಾಠ ಹೇಳಿಕೊಡುತ್ತಿದ್ದಳು. ಮಗಳು ಮುಂದೆ ಇದನ್ನು ತಾನೇ ಬರೆದಿಟ್ಟಿದ್ದಾಳೆ. 1870ರ ದಶಕದ ಬರದಲ್ಲಿ ಆ ತಂದೆತಾಯಿ ಅನ್ನವಿಲ್ಲದೆ ಸತ್ತರು. ಉಳಿದ ಮಗಳು ಅಣ್ಣನ ಜೊತೆ ದೇಶ ಅಲೆಯುತ್ತ 1878ರಲ್ಲಿ ಕಲಕತ್ತೆಗೆ ಹೋದಳು. ಅಲ್ಲಿನ ವಿದ್ವಾಂಸರು ಆಕೆಯನ್ನು ಪರೀಕ್ಷಿಸಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದು ಕೊಟ್ಟರು. ಆ ಬಿರುದಿನ ಬುಡದಲ್ಲಿ ಇದ್ದದ್ದು ಒಲೆ ಹಚ್ಚುವ ಮೊದಲಿನ ಒಂದು ತಾಸು.

1882ರಲ್ಲಿ ರಮಾಬಾಯಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಅಲ್ಲಿ ಅವರ ಮಾತು ಕೇಳಲು ಬರುತ್ತಿದ್ದವರಲ್ಲಿ ನಮ್ಮ ಜಿಲ್ಲೆಯ ಒಬ್ಬ ಮಗಳಿದ್ದಳು. ಆಕೆಯ ಹೆಸರೂ ರಮಾಬಾಯಿ. ತವರುಮನೆ ದೇವರಾಷ್ಟ್ರೆಯ ಕುರ್ಲೇಕರ ಮನೆತನ. ಈಗಿನ ಕಡೇಗಾಂವ ತಾಲೂಕಿನ ಊರು ಅದು, ಯಶವಂತರಾವ ಚವ್ಹಾಣರು ಹುಟ್ಟಿದ ಊರು. ತವರಿನಲ್ಲಿ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವ ಪದ್ಧತಿ ಇರಲಿಲ್ಲ. 1873ರಲ್ಲಿ ಹನ್ನೊಂದು ವರ್ಷದವಳಿದ್ದಾಗ ಮಹಾದೇವ ಗೋವಿಂದ ರಾನಡೆಯವರೊಡನೆ ಮದುವೆಯಾಯಿತು. ಗಂಡನಿಗೆ ಮೂವತ್ತು ದಾಟಿತ್ತು. ವಿಧವಾ ವಿವಾಹದ ಪರವಾಗಿ ಮಾತಾಡುತ್ತಿದ್ದ ರಾನಡೆಯವರು ತಾವು ಮಾತ್ರ ತಂದೆಯ ಮಾತಿಗೆ ಬಗ್ಗಿ ಚಿಕ್ಕ ಹುಡುಗಿಯನ್ನು ಮಾಡಿಕೊಂಡರು ಎಂದು ಆಗ ಜನ ಆಡಿಕೊಂಡರು. ಆಡಿಕೊಂಡದ್ದು ತಪ್ಪಲ್ಲ ಎಂದೇ ನನಗೂ ಅನಿಸುತ್ತದೆ.

ಆ ಹುಡುಗಿ ಗಂಡನ ಮನೆಗೆ ಬಂದಾಗ ಒಂದಕ್ಷರ ಬರುತ್ತಿರಲಿಲ್ಲ. ಗಂಡ ಪಾಟಿ ಹಿಡಿಸಿ ಮರಾಠಿ ಅಕ್ಷರ ತಿದ್ದಿಸಿದರು. ಇಲ್ಲಿಯವರೆಗೆ ಎಲ್ಲ ಪುಸ್ತಕಗಳಲ್ಲೂ ಇದೆ. ಹಗಲು ಏನಾಗುತ್ತಿತ್ತು ಎಂಬುದನ್ನು ಆಕೆಯೇ 1910ರಲ್ಲಿ ಅಚ್ಚಾದ ತನ್ನ ನೆನಪಿನ ಪುಸ್ತಕದಲ್ಲಿ ಹೇಳಿದ್ದಾಳೆ. ರಾನಡೆಯವರ ಮನೆ ತುಂಬಿದ ಮನೆ. ಹಿರಿಯ ಹೆಂಗಸರಿಗೆ ಈ ಓದು ಹಿಡಿಸಲಿಲ್ಲ. ಹಂಗಿಸಿದರು, ಜೊತೆಗೆ ಸೇರಿಸಿಕೊಳ್ಳದೆ ದೂರ ಇಟ್ಟರು. ಗಂಡ ಕಲಿಸುತ್ತಾನೆ, ಮನೆಯ ಹೆಂಗಸರು ಬೇಡವೆನ್ನುತ್ತಾರೆ, ಇಬ್ಬರ ಮಾತನ್ನೂ ಮೀರುವಂತಿಲ್ಲ. ಕೆಲಸದಲ್ಲಿ ಒಂದಿಷ್ಟೂ ಕಡಿಮೆ ಮಾಡದೆ, ಎದುರು ಮಾತಾಡದೆ, ರಾತ್ರಿ ಓದಿದಳು. ಈ ಭಾಗ ಓದುವಾಗ ನಾನು ಎರಡು ಸಲ ಪುಸ್ತಕ ಕೆಳಗಿಟ್ಟೆ. ಹೆಂಗಸರನ್ನು ಹೆಂಗಸರೇ ತಡೆದರು ಅಂತ ಹೇಳಿ ಗಂಡಸರು ನಗುವುದನ್ನು ಕೇಳಿದ್ದೇನೆ. ಒಬ್ಬ ಸೊಸೆ ಓದಲು ಕೂತರೆ ಆಕೆಯ ಪಾಲಿನ ನೀರು, ಕಸ, ಮುಸುರೆ ಯಾರ ಮೇಲೆ ಬೀಳುತ್ತದೆ? ಉಳಿದ ಹೆಂಗಸರ ಮೇಲೆ. ಆ ಮನೆಯ ಹಿರಿಯರು ಕೆಟ್ಟವರೇ ಇರಬೇಕೆಂದಿಲ್ಲ.

ಇದೇ ರಮಾಬಾಯಿ ರಾನಡೆ 1909ರಲ್ಲಿ ಪುಣೆಯಲ್ಲಿ ಸೇವಾಸದನ ಕಟ್ಟಿ, ಸಾಳಿಯ ವಯಸ್ಸು ದಾಟಿದ ಹೆಂಗಸರಿಗೆ, ವಿಧವೆಯರಿಗೆ ಅಕ್ಷರ, ಹೊಲಿಗೆ, ದಾದಿಯ ಕೆಲಸ ಕಲಿಸುವ ವರ್ಗಗಳನ್ನು ನಡೆಸಿದರು. ಕದ್ದು ಓದಿದವಳಿಗೆ ಬೇರೆಯವರ ಅಡಚಣೆ ಗೊತ್ತಿರುತ್ತದೆ.

ಅದೇ ಕಾಲಕ್ಕೆ ದಕ್ಷಿಣದಲ್ಲಿ, ಮೈಸೂರು ಸೀಮೆಯ ನಂಜನಗೂಡಿನಲ್ಲಿ ಇನ್ನೊಂದು ಬಗೆ ನಡೆದಿತ್ತು. ತಿರುಮಲಾಂಬ (ಹುಟ್ಟಿದ್ದು 1887) ಹದಿನಾಲ್ಕನೇ ವಯಸ್ಸಿಗೆ ವಿಧವೆಯಾದವರು. ತಂದೆಯ ಆಸರೆಯಲ್ಲಿ ಮನೆಯಲ್ಲೇ ಓದಿದರು. 1913ರಲ್ಲಿ 'ಸತೀ ಹಿತೈಷಿಣೀ' ಎಂಬ ಗ್ರಂಥಮಾಲೆ ತೆಗೆದು ಹೆಂಗಸರಿಗಾಗಿ ಕಥೆ, ಕಾದಂಬರಿ ಅಚ್ಚು ಹಾಕಿಸಿದರು, ಮುಂದೆ 'ಕರ್ನಾಟಕ ನಂದಿನಿ' ಎಂಬ ಮಾಸಪತ್ರಿಕೆ ನಡೆಸಿದರು. ಅವರ ಪುಸ್ತಕಗಳ ಕೆಲವು ಮಾತು ಇಂದು ನಮಗೆ ಒಪ್ಪಿಗೆಯಾಗಲಾರವು, ಪತಿವ್ರತೆಯ ಉಪದೇಶ ಬಹಳ. ಆದರೆ ಹೊಸ್ತಿಲು ದಾಟದ ಹೆಂಗಸು ಸಾಳಿಗೆ ಬರಲಾರಳು, ಪುಸ್ತಕ ಅಂಚೆಯಲ್ಲಿ ಹೊಸ್ತಿಲೊಳಗೆ ಹೋಗಬಲ್ಲದು ಎಂಬುದನ್ನು ಅವರು ಕಂಡುಕೊಂಡರು. ಉತ್ತರದಲ್ಲಿ ಬಡೋದೆಯ ಸಯಾಜೀರಾವ ಮಹಾರಾಜರು 1910ರ ಸುಮಾರಿಗೆ ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿ ಹಳ್ಳಿಹಳ್ಳಿಗೆ ಕಳಿಸುವ ಸಂಚಾರಿ ಗ್ರಂಥಾಲಯ ಶುರು ಮಾಡಿದ್ದರು. ನಮ್ಮ ಜತ್ತದಂಥ ಸಣ್ಣ ಸಂಸ್ಥಾನದ ಮೂಲೆಯ ಹಳ್ಳಿಯಲ್ಲಿ ಅಂಥ ಪೆಟ್ಟಿಗೆ ಕಂಡ ಮುದುಕಿಯರನ್ನು ನಾನು ನೋಡಿಲ್ಲ.

ಹಾಗಂತ ಇಲ್ಲಿಯ ಅವ್ವಂದಿರು ಏನೂ ಕಲಿಯದೆ ಇದ್ದರು ಅನ್ನುವುದು ತಪ್ಪಾಗುತ್ತದೆ. ಶ್ರಾವಣದಲ್ಲಿ ಗುಡಿಯಲ್ಲಿ ಪುರಾಣ ಹಚ್ಚುತ್ತಿದ್ದರು, ಈಗಲೂ ಹಚ್ಚುತ್ತಾರೆ. ಒಬ್ಬರು ಓದುವುದು, ಇನ್ನೊಬ್ಬರು ಅರ್ಥ ಹೇಳುವುದು. ಭೀಮಕವಿಯ ಬಸವಪುರಾಣ, ಚಾಮರಸನ ಪ್ರಭುಲಿಂಗಲೀಲೆ. ನಮ್ಮವ್ವನಿಗೆ ಅಕ್ಷರ ಗೊತ್ತಿರಲಿಲ್ಲ, ಆದರೆ ಪುರಾಣ ಹೇಳುವ ಅಯ್ಯಾರು ಒಂದು ಸಂಧಿ ಬಿಟ್ಟು ಮುಂದೆ ಹೋದರೆ ಹಿಂದಿನ ಸಾಲಿನಿಂದ ತಡೆಯುತ್ತಿದ್ದಳು. ಆ ಹೊತ್ತು ಆಕೆಗೆ ಸಿಗುತ್ತಿದ್ದುದು ಅದು ದೇವರ ಹೆಸರಿನ ಹೊತ್ತು ಎಂಬ ಕಾರಣಕ್ಕೆ. ದೇವರ ಹೆಸರಿನಲ್ಲಿ ಕೂತರೆ ಅತ್ತೆ ಬಯ್ಯುವಂತಿರಲಿಲ್ಲ.

ಇನ್ನೊಂದು ಬೀಸುಕಲ್ಲು. ಉಮದಿ ದಾಟಿ ಚಡಚಣದ ಆಚೆ ಹಲಸಂಗಿ ಇದೆ, ನನ್ನ ತವರಿನ ಕಡೆಯ ಊರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬರು ಮುಂತಾದ ಹಲಸಂಗಿ ಗೆಳೆಯರು ಬೀಸುವಾಗ, ಕುಟ್ಟುವಾಗ ಹೆಂಗಸರು ಹಾಡುವ ತ್ರಿಪದಿಗಳನ್ನು ಕೂಡಿಹಾಕಿ 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕ ತಂದರು. ಓದಿದ ಗಂಡಸರು ಅಕ್ಷರವಿಲ್ಲದ ಅವ್ವಂದಿರ ಬಾಯಿಂದ ಕೇಳಿ ಬರೆದುಕೊಂಡರು. ನಮ್ಮ ಸೀಮೆಯಲ್ಲಿ ಹೀಗೆ ಕಲಿಸುವವರು ಕಲಿಯುವವರ ಜಾಗ ಅದಲುಬದಲಾದದ್ದು ನನಗೆ ಬಹಳ ಮೆಚ್ಚುಗೆ. ಒಂದು ಮಾತು ಮಾತ್ರ ಚುಚ್ಚುತ್ತದೆ. ಆ ಪುಸ್ತಕ ಅಚ್ಚಾಗಿ ಊರಿಗೆ ಬಂದಾಗ, ಹಾಡು ಕೊಟ್ಟ ಹೆಂಗಸರಲ್ಲಿ ಬಹುಮಂದಿಗೆ ಅದನ್ನು ಓದಲು ಬರುತ್ತಿರಲಿಲ್ಲ.

ಈಗ ನಮ್ಮತ್ತಿಯವರ ಕಂದೀಲ ಸಾಳಿಗೆ ಬರುತ್ತೇನೆ. 1948ರಲ್ಲಿ ಜತ್ತ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು, ಮರುವರ್ಷ ದಕ್ಷಿಣ ಸಾತಾರಾ ಜಿಲ್ಲೆಯಾಯಿತು. 1956ರಲ್ಲಿ ಭಾಷೆಯ ಮೇಲೆ ರಾಜ್ಯ ಒಡೆದಾಗ ವಿಜಾಪುರ ಆ ಕಡೆ ಹೋಯಿತು, ನಾವು ಈ ಕಡೆ ಉಳಿದೆವು. 1960ರಲ್ಲಿ ಜಿಲ್ಲೆಗೆ ಸಾಂಗಲಿ ಎಂಬ ಹೆಸರು ಬಂತು. ಈ ಗಡಿಬಿಡಿಯ ನಡುವೆ 1959ರಲ್ಲಿ ಪಕ್ಕದ ಸಾತಾರಾ ಜಿಲ್ಲೆಯಲ್ಲಿ ಗ್ರಾಮ ಶಿಕ್ಷಣ ಮೋಹೀಮ ಶುರುವಾಯಿತು. ಮುಂದಿನ ನಾಲ್ಕೈದು ವರ್ಷಗಳಲ್ಲಿ ಅದು ಮಹಾರಾಷ್ಟ್ರದ ಉಳಿದ ಜಿಲ್ಲೆಗಳಿಗೂ ಹಬ್ಬಿತು.

ಆ ಮೋಹೀಮದ ಬಗ್ಗೆ ಹೊಸ ಮಾಸ್ತರರಿಗೆ ಹೆಚ್ಚು ತಿಳಿದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸರ್ಕಾರದ ಹಣ ಕಡಿಮೆ, ಊರಿನ ಹಟ ಹೆಚ್ಚು. ಊರ ಸಾಳಿಯ ಮಾಸ್ತರರು, ಓದು ಬಂದ ಹುಡುಗರು ರಾತ್ರಿ ಕಲಿಸಬೇಕು. ಹದಿನಾಲ್ಕರಿಂದ ಐವತ್ತು ವರ್ಷದೊಳಗಿನ ಪ್ರತಿಯೊಬ್ಬರಿಗೂ ಸುಮಾರು ನಾಲ್ಕು ತಿಂಗಳಲ್ಲಿ ಓದು, ಬರಹ, ಲೆಕ್ಕ ಬರಬೇಕು. ಎಲ್ಲರಿಗೂ ಬಂತು ಎಂದು ಪರೀಕ್ಷೆಯಾದ ಮೇಲೆ ಗ್ರಾಮಗೌರವ ಸಮಾರಂಭ. ಹಬ್ಬದಂತೆ ಊರು ಸಿಂಗರಿಸಿ, ಎಲ್ಲರೂ ಕೂಡಿ ಪ್ರತಿಜ್ಞೆ ಮಾಡುತ್ತಿದ್ದರು. ಒಬ್ಬರು ಹಿಂದುಳಿದರೂ ಊರಿಗೆ ಗೌರವವಿಲ್ಲ ಎಂಬ ಕಾರಣಕ್ಕೆ ಮಾವಂದಿರೇ ಸೊಸೆಯರನ್ನು ಕಳಿಸಿದರು. ಹೊತ್ತು ಸಿಕ್ಕದ್ದು ಊರ ಮಾನಕ್ಕಾಗಿ. ಹೇಗಾದರೂ ಸಿಕ್ಕಿತಲ್ಲ!

ನಮ್ಮತ್ತಿಯವರು ಹೇಳುತ್ತಿದ್ದರು: "ರೊಟ್ಟಿ ಬಡದು, ಎಲ್ಲಾರಿಗೂ ಉಣ್ಣಾಕ ಹಾಕಿ, ಸಾಳಿಗಿ ಹೋಗೂದ್ರಾಗ ಕಣ್ಣ ಮುಚ್ಚತಿದ್ದುವು. ಮಾಸ್ತರ ಪಾಟಿ ಮ್ಯಾಲ ಏನ ಬರದಾನ ಅನ್ನೂದಕಿಂತ ಕಂದೀಲ ಸುತ್ತ ಹುಳಾ ಎಷ್ಟ ಅದಾವ ಅನ್ನೂದ ಚೆನ್ನಾಗಿ ಗೊತ್ತಿತ್ತ ನನಗ." ಕಲಿಸಿದ್ದು ಮರಾಠಿ ಅಕ್ಷರ. ಕನ್ನಡ ಬಿಟ್ಟು ಬೇರೆ ಮಾತೇ ಕೇಳದ ಹೆಂಗಸಿಗೆ, ಅಕ್ಷರ ಕೂಡಿಸಿ ಓದಿದ ಶಬ್ದ ತನ್ನ ಮಾತಾಗಿ ಕೇಳಿಸಲಿಲ್ಲ. ಸಹಿ ಬಂದ ಮೇಲೆ ಮೊದಲ ಬಾಣಂತನ ಬಂತು. ಅಲ್ಲಿಗೆ ಮುಗಿಯಿತು. ಮೋಹೀಮ ನಡೆದ ಎಷ್ಟೋ ಊರುಗಳಲ್ಲಿ ಕಲಿತವರು ಎರಡು ಮೂರು ವರ್ಷದಲ್ಲಿ ಮರೆತರು, ಏಕೆಂದರೆ ಕಲಿತ ಮೇಲೆ ಓದಲು ಕೈಗೆ ಏನೂ ಸಿಗಲಿಲ್ಲ. ಆ ಕಂದೀಲ ಹಚ್ಚಿದ ಮಾಸ್ತರರನ್ನು ನಾನು ತಪ್ಪು ಅನ್ನಲಾರೆ. ದಿನವೆಲ್ಲ ಮಕ್ಕಳಿಗೆ ಕಲಿಸಿ ರಾತ್ರಿ ದುಡ್ಡಿಲ್ಲದೆ ದೊಡ್ಡವರಿಗೆ ಕಲಿಸಿದವರು ಅವರು.

ಮುಂದೆ 1990ರ ಸುಮಾರಿಗೆ ಸಂಪೂರ್ಣ ಸಾಕ್ಷರತೆಯ ಆಂದೋಲನ ಬಂದಾಗ ಕರ್ನಾಟಕದಲ್ಲಿ ಮೊದಲು ಕೈಗೆತ್ತಿಕೊಂಡ ಜಿಲ್ಲೆಗಳಲ್ಲಿ ವಿಜಾಪುರವೂ ಒಂದು. ಅಲ್ಲಿಯೇ 1989ರಿಂದ ಮಹಿಳಾ ಸಮಾಖ್ಯಾ ಎಂಬ ಕೆಲಸವೂ ನಡೆದಿತ್ತು. ಅವರು ಅಕ್ಷರದಿಂದ ಶುರು ಮಾಡಲಿಲ್ಲ. ಹೆಂಗಸರ ಸಂಘ ಕಟ್ಟಿ, ನೀರು, ಕೂಲಿ, ದವಾಖಾನೆ ಅಂತ ಅವರ ಅಡಚಣೆಗಳನ್ನು ಮಾತಾಡಿಸಿ, ಓದು ಬೇಕು ಎಂದು ಅವರೇ ಕೇಳಿದಾಗ ಕಲಿಸಿದರು. ಇಂಡಿ ಕಡೆಯ ನನ್ನ ಅಕ್ಕತಂಗಿಯರು ಕನ್ನಡದಲ್ಲಿ ಕಲಿಯುತ್ತಿದ್ದಾರೆಂದು ಕೇಳಿ ನನಗೆ ಹೊಟ್ಟೆಕಿಚ್ಚಾದದ್ದು ಸುಳ್ಳಲ್ಲ.

ನನಗೆ ಆಗ ಎರಡು ಮಕ್ಕಳು. ಕನ್ನಡ ಓದು ಬರುತ್ತಿತ್ತು, ಆದರೆ ಈ ಊರಿನಲ್ಲಿ ಅದರಿಂದ ಕೆಲಸವಾಗುತ್ತಿರಲಿಲ್ಲ. ಸಾತಬಾರಾ ಉತಾರ ಮರಾಠಿ, ರೇಶನ್ ಕಾರ್ಡು ಮರಾಠಿ, ಎಸ್‌ಟಿ ಬಸ್ಸಿನ ಬೋರ್ಡು ಮರಾಠಿ. ಹಿಂದಿಯ ಅಕ್ಷರದಿಂದ ಕೂಡಿಸಿ ಓದಿದರೂ ಅರ್ಥ ಕೈಗೆ ಹತ್ತುತ್ತಿರಲಿಲ್ಲ. ಒಂದು ಕಚೇರಿಯಲ್ಲಿ "ನಿಮಗ ಓದಾಕ ಬರಾಂಗಿಲ್ಲೇನು" ಎಂದು ಕೇಳಿದಾಗ ಏನು ಹೇಳಬೇಕೋ ತಿಳಿಯಲಿಲ್ಲ. ಬರುತ್ತದೆ, ಆದರೆ ಇದು ಬರುವುದಿಲ್ಲ.

ನನ್ನ ಗುರು ಆದದ್ದು ಮಗನ ದಪ್ತರ. 1967ರಲ್ಲಿ ಸ್ಥಾಪನೆಯಾದ ಬಾಲಭಾರತಿ ಸಂಸ್ಥೆ ಮಹಾರಾಷ್ಟ್ರದ ಕನ್ನಡ ಸಾಳಿಗಳಿಗಾಗಿ ಕನ್ನಡದಲ್ಲಿಯೇ ಪಠ್ಯಪುಸ್ತಕ ಮಾಡುತ್ತದೆ. ಜೊತೆಗೆ ಮರಾಠಿ ಮನೆಮಾತಲ್ಲದ ಮಕ್ಕಳಿಗೆ ಮರಾಠಿ ಕಲಿಸುವ 'ಸುಲಭಭಾರತಿ' ಎಂಬ ಪುಸ್ತಕ ಇದೆ. ಸಣ್ಣ ವಾಕ್ಯ, ಚಿತ್ರ, ಹಿಂದೆ ಶಬ್ದಗಳ ಅರ್ಥ. ಕನ್ನಡದ ದೊಡ್ಡ ಹೆಂಗಸಿಗೆ ಮರಾಠಿ ಕಲಿಯಲು ಇದಕ್ಕಿಂತ ಒಳ್ಳೆಯ ಪುಸ್ತಕ ಯಾರೂ ಮಾಡಿಲ್ಲ ಎಂದು ನನ್ನ ಅಭಿಪ್ರಾಯ. ಮಾಡಿದವರಿಗೆ ಅದು ಗೊತ್ತಿರಲಿಕ್ಕಿಲ್ಲ. ಮಗ ಅಭ್ಯಾಸ ಮಾಡುವಾಗ "ಜೋರಾಗಿ ಓದೋ, ನನಗ ಕೇಳಬೇಕು" ಎಂದು ಗದರಿಸಿ, ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ಅವನು ತಾಯಿ ತನ್ನ ಮೇಲೆ ಕಣ್ಣಿಟ್ಟಿದ್ದಾಳೆ ಎಂದುಕೊಂಡಿದ್ದ. ಅವನು ಮಲಗಿದ ಮೇಲೆ ಅದೇ ಪಾಠವನ್ನು ಕಣ್ಣಿನಿಂದ ಓದುತ್ತಿದ್ದೆ. ಹೀಗೆ ನಾಲ್ಕು ವರ್ಷ, ಅವನ ಜೊತೆ ಒಂದೊಂದೇ ಇಯತ್ತೆ ಏರಿದೆ.

ಆಮೇಲೆ ಸಾಳಿಯ ಹೆಡಮಾಸ್ತರರೊಬ್ಬರು 17 ನಂಬರ್ ಫಾರ್ಮಿನ ವಿಷಯ ಹೇಳಿದರು. ಸಾಳಿ ಬಿಟ್ಟವರು ಆ ಫಾರ್ಮು ತುಂಬಿ ಹೊರಗಿನಿಂದ ಹತ್ತನೇತ್ತ ಪರೀಕ್ಷೆಗೆ ಕೂರಬಹುದು, ಕನ್ನಡ ಮಾಧ್ಯಮದಲ್ಲಿಯೂ ಬರೆಯಬಹುದು. ಇದು ಪೂರ್ತಿ ಪುಕ್ಕಟೆಯಲ್ಲ, ಫೀ ಇದೆ. ಆ ಫೀ ಕೊಟ್ಟವರು ನಮ್ಮತ್ತಿಯವರು, ಎಮ್ಮೆಯ ಹಾಲಿನ ದುಡ್ಡಿನಲ್ಲಿ. 1996ರ ಮಾರ್ಚಿನಲ್ಲಿ ಗಣಿತ ಹೋಯಿತು, ಅಕ್ಟೋಬರದಲ್ಲಿ ಕಟ್ಟಿ ಪಾಸಾದೆ. ಪರೀಕ್ಷೆಯ ಮೊದಲಿನ ಎರಡು ತಿಂಗಳು ನಾನು ಸಂಜೆಯ ರೊಟ್ಟಿ ಬಡಿಯಲಿಲ್ಲ. ಅತ್ತಿಯವರು ಬಡಿದರು, ಅರವತ್ತರ ಹತ್ತಿರದ ವಯಸ್ಸಿನಲ್ಲಿ, ಹೊಗೆಯಲ್ಲಿ ಕೂತು. "ನನಗ ಯಾರೂ ಬಡದ ಕೊಡಲಿಲ್ಲ, ಅದಕ್ಕ ಮೂರ ಶಬ್ದಕ್ಕ ನಿಂತೆ" ಎಂದರು. ಆ ಹತ್ತನೇತ್ತದ ಮೇಲೆಯೇ ನನಗೆ ಅಂಗನವಾಡಿಯ ಸೇವಿಕೆಯ ಕೆಲಸ ಸಿಕ್ಕಿತು. ನಾಶಿಕದ ಯಶವಂತರಾವ ಚವ್ಹಾಣ ಮುಕ್ತ ವಿದ್ಯಾಪೀಠ 1989ರಲ್ಲಿಯೇ ಶುರುವಾಗಿತ್ತು, ಮನೆಯಲ್ಲಿ ಕೂತು ಪದವಿ ಮಾಡಬಹುದಿತ್ತು. ಮನಸ್ಸು ಮಾಡಿದ್ದೆ. ಅಷ್ಟರಲ್ಲಿ ಅತ್ತಿಯವರು ಹಾಸಿಗೆ ಹಿಡಿದರು. ರೊಟ್ಟಿ ಬಡಿಯುವ ಸರದಿ ನನ್ನದಾಯಿತು.

ಈಗ ಪುಕ್ಕಟೆ ಸಿಗುವುದಕ್ಕೆ ಕೊರತೆ ಇಲ್ಲ. ಬಾಲಭಾರತಿಯ ಎಲ್ಲ ಪುಸ್ತಕ, ಕನ್ನಡದ್ದೂ, ಅವರ ಜಾಲತಾಣದಿಂದ ಫೋನಿನಲ್ಲಿ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಹೊಸ ಫೋನು ಬೇಕಿಲ್ಲ, ಮಗನ ಹಳೆಯ ಫೋನು ಸಾಕು. ಫೋನು ಸಂಜೆ ಯಾರ ಕೈಯಲ್ಲಿ ಇರುತ್ತದೆ ಎಂಬುದು ಬೇರೆ ಮಾತು. ರೇಡಿಯೋ ಇದೆ, ಧಾರವಾಡದ್ದು 1950ರಿಂದ, ಸಾಂಗಲಿಯದು 1963ರಿಂದ. ಕೆಲಸ ಬಿಡದೆ ಕಲಿಯಬಹುದಾದ ಸಾಧನ ಅದೊಂದೇ, ಕೈ ಹಿಟ್ಟಿನಲ್ಲಿದ್ದರೂ ಕಿವಿ ಖಾಲಿ ಇರುತ್ತದೆ. ಅದನ್ನು ಬಿಟ್ಟುಬಿಟ್ಟೆವಲ್ಲ ಎಂದು ನನಗೆ ಕೆಡುಕೆನಿಸುತ್ತದೆ. ಕೇಂದ್ರ ಸರ್ಕಾರದ ಉಲ್ಲಾಸ ಎಂಬ ನವ ಸಾಕ್ಷರತಾ ಕಾರ್ಯಕ್ರಮ 2022ರಿಂದ ನಡೆದಿದೆ, ಹದಿನೈದು ವರ್ಷದ ಮೇಲಿನ ಯಾರಾದರೂ ಸೇರಬಹುದು. 2024ರ ಮಾರ್ಚ್ 17ರಂದು ಮಹಾರಾಷ್ಟ್ರದಲ್ಲಿ ಅದರ ಪರೀಕ್ಷೆ ನಡೆಯಿತು. ಓದು, ಬರಹ, ಲೆಕ್ಕ, ಒಂದೊಂದಕ್ಕೆ 50ರಂತೆ 150 ಅಂಕ, ಕನ್ನಡದಲ್ಲಿಯೂ ಪ್ರಶ್ನಪತ್ರಿಕೆ. ಅದರ ಒಂದು ನಿಯಮ ನನಗೆ ಬಹಳ ಹಿಡಿಸಿತು. ಬೆಳಿಗ್ಗೆ ಹತ್ತರಿಂದ ಸಂಜೆ ಐದರೊಳಗೆ ತಮಗೆ ಅನುಕೂಲವಾದ ಹೊತ್ತಿಗೆ ಬಂದು ಮೂರು ತಾಸು ಬರೆಯಬಹುದು. ಪರೀಕ್ಷೆಯ ಗಂಟೆಗೆ ತಾಯಿ ಹೊಂದಿಕೊಳ್ಳುವ ಬದಲು ತಾಯಿಗೆ ಗಂಟೆ ಹೊಂದಿಕೊಂಡಿತು. ಠಾಣೆ ಜಿಲ್ಲೆಯ ಮುರಬಾಡ ತಾಲೂಕಿನ ಫಾಂಗಣೆ ಎಂಬ ಹಳ್ಳಿಯಲ್ಲಿ 2016ರ ಮಾರ್ಚ್ 8ರಂದು ಆಯಿಗಳ ಸಾಳಿ ತೆಗೆದರಲ್ಲ, ಗುಲಾಬಿ ಸೀರೆ ಉಟ್ಟ ಅರವತ್ತು ದಾಟಿದ ಅಜ್ಜಿಯರದು, ಅದು ನಡೆಯುವುದೂ ಮಧ್ಯಾಹ್ನದ ಎರಡು ತಾಸು, ಮನೆಗೆಲಸ ಮುಗಿದ ಹೊತ್ತು.

ಇಷ್ಟು ಬರೆದ ಮೇಲೆ ನಮ್ಮ ವಾಚನಾಲಯದ ಮಾತನ್ನೂ ಹೇಳದಿದ್ದರೆ ಅಪ್ರಾಮಾಣಿಕತೆ ಆದೀತು. ನಮ್ಮಲ್ಲಿ ಒಳ್ಳೆಯ ಪುಸ್ತಕಗಳಿವೆ, ಕನ್ನಡ ಮರಾಠಿ ಎರಡೂ. ತೆರೆಯುವ ಹೊತ್ತು ಸಂಜೆ ಐದರಿಂದ ಎಂಟು. ಊರಿನ ಅಷ್ಟೂ ಮನೆಗಳಲ್ಲಿ ರೊಟ್ಟಿ ಬಡಿಯುವ ಹೊತ್ತು ಅದೇ. ಅಲ್ಲದೆ ಬಾಗಿಲ ಮುಂದೆ ಕಟ್ಟೆ, ಕಟ್ಟೆಯ ಮೇಲೆ ಊರ ಹಿರಿಯರು. ಸದಸ್ಯರ ಪುಸ್ತಕ ತೆಗೆದು ನೋಡಿದೆ, ಸಾಳಿ ಬಾಯಾರನ್ನು ಮತ್ತು ನನ್ನನ್ನು ಬಿಟ್ಟರೆ ಮದುವೆಯಾದ ಒಬ್ಬ ಹೆಣ್ಣುಮಗಳ ಹೆಸರೂ ಇಲ್ಲ. ಯಾರೂ ಬರಬೇಡ ಅಂದಿಲ್ಲ. ಇಷ್ಟು ವರ್ಷ ನಾನೂ ಇದನ್ನು ಕೇಳಲಿಲ್ಲ, ಪುಸ್ತಕ ತೆಗೆದುಕೊಂಡು ಸೆರಗು ಸರಿಮಾಡಿಕೊಂಡು ಬೇಗ ಬೇಗ ಬರುತ್ತಿದ್ದೆ.

ಹೋದ ತಿಂಗಳ ಸಭೆಯಲ್ಲಿ ಕೇಳಿದೆ. ಮಧ್ಯಾಹ್ನ ಮೂರರಿಂದ ನಾಲ್ಕೂವರೆವರೆಗೆ ಕೀಲಿಕೈ ನನ್ನ ಹತ್ತಿರ ಕೊಡ್ರಿ ಎಂದೆ. ಹೊಲಕ್ಕೆ ಕೂಲಿಗೆ ಹೋಗುವವರಿಗೆ ಆ ಹೊತ್ತು ಒಗ್ಗುವುದಿಲ್ಲ ಎಂದು ಒಬ್ಬರು ಆಕ್ಷೇಪ ಎತ್ತಿದರು. ನಿಜ. ಕಬ್ಬು ಕಡಿಯಲು ಹೋದವರಂತೂ ಆರು ತಿಂಗಳು ಊರಲ್ಲೇ ಇರುವುದಿಲ್ಲ. ಕೂಲಿಯವರಿಗೆ ಅಮಾವಾಸ್ಯೆಯ ದಿನ ಪೂರ್ತಿ ತೆರೆದಿಡೋಣ, ಅವತ್ತು ಹೊಲದ ಕೆಲಸ ಇರುವುದಿಲ್ಲ ಎಂದೆ. "ಅಮಾಸಿ ದಿನ ಎಲ್ಲಾರೂ ಗುಡ್ಡಾಪುರಕ್ಕ ದಾನಮ್ಮನ ದರ್ಶನಕ್ಕ ಹೋಗತಾರ್ರೀ" ಎಂದರು ಇನ್ನೊಬ್ಬರು. ಹೋಗಿ ಮಧ್ಯಾಹ್ನಕ್ಕೆ ಬರುತ್ತಾರಲ್ಲ ಎಂದೆ. ಅಮಾವಾಸ್ಯೆಯ ಮಾತು ಇನ್ನೂ ಬಗೆಹರಿದಿಲ್ಲ. ಕೀಲಿಕೈ ಕೊಟ್ಟರು.

ಹತ್ತನೇತ್ತ ದಾಟಿದ ಮಕ್ಕಳ ಮನೆಗಳಿಂದ ಹಳೆಯ ಸುಲಭಭಾರತಿ ಪುಸ್ತಕ ಕೂಡಿಸುತ್ತಿದ್ದೇನೆ. ಒಂದನೇತ್ತದಿಂದ ಆರನೇತ್ತದವರೆಗಿನವು ಸಿಕ್ಕಿವೆ, ಏಳನೇದು ಸಿಕ್ಕಿಲ್ಲ. ಯಾರ ಮನೆಯಲ್ಲಾದರೂ ಇದ್ದರೆ ಹರಿದದ್ದಾದರೂ ನಡೆಯುತ್ತದೆ, ತಂದುಕೊಡ್ರಿ. ಮೊದಲ ದಿನ ನಾಲ್ಕು ಮಂದಿ ಬಂದರು, ಒಬ್ಬಾಕಿ ಮೊಮ್ಮಗನನ್ನು ಎತ್ತಿಕೊಂಡು. ಪುಸ್ತಕದ ಕಪಾಟಿನ ಕಡೆ ಯಾರೂ ನೋಡಲಿಲ್ಲ. ಆಕೆ ಸೆರಗಿನ ಗಂಟಿನಿಂದ ಲೈಟ್ ಬಿಲ್ಲು ತೆಗೆದು ಮೇಜಿನ ಮೇಲೆ ಹರವಿ, "ಮೊದಲ ಇದನ್ನ ಓದೂದ ಹೇಳಿಕೊಡವ್ವಾ" ಎಂದಳು. ಅವತ್ತಿನ ಒಂದೂವರೆ ತಾಸು ಅದರಲ್ಲೇ ಹೋಯಿತು.